ಎತ್ತು ಏರಿಗೆ, ಕೋಣ ನೀರಿಗೆ

ಭಾನುವಾರ, 11 ಮೇ 2025, ಕವೆಂಟ್ರಿ, ಇಂಗ್ಲೆಂಡ್

ಇವತ್ತು ನನ್ನ ಬಾನೆವಿಲ್ ಕುಂಟುವುದನ್ನು ಬಿಟ್ಟಿತು.

ಹೊಸಬರಿಗೆ ಹೇಳುತ್ತೇನೆ. ಇದು 1966ರ ಟ್ರಯಂಫ್ ಬಾನೆವಿಲ್ ಟಿ120 ಬೈಕು. 649 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಎರಡು ವರ್ಷದ ಹಿಂದೆ ಮನೆಗೆ ಬಂದಾಗ ಅರ್ಧ ಗಾಡಿ ರಟ್ಟಿನ ಡಬ್ಬಗಳಲ್ಲೇ ಇತ್ತು. ಊರಿಂದ ತಂದಿದ್ದ ಎಂಎಂ ಸ್ಪ್ಯಾನರ್‌ಗಳು ಅದರ ನಟ್ಟುಗಳಿಗೆ ಸರಿಯಾಗಿ ಕೂರಲಿಲ್ಲ. ಹಳೇ ಬ್ರಿಟಿಷ್ ಅಳತೆಯ ವಿಟ್ವರ್ತ್ ಸೆಟ್ ಬೇರೆ ಕೊಂಡೆ. ಬ್ಯಾಟರಿಯದ್ದೂ ಉಲ್ಟಾ, ಇದರಲ್ಲಿ ಪ್ಲಸ್ ತಂತಿ ಗಾಡಿಯ ಫ್ರೇಮಿಗೆ ಹೋಗುತ್ತದೆ. ಅದನ್ನು ಕಲಿತಿದ್ದು ಒಂದು ಫ್ಯೂಸ್ ಸುಟ್ಟ ಮೇಲೆ. ಇರಲಿ ಬಿಡಿ.

ಒಂದು ತಿಂಗಳಿಂದ ಒಂದೇ ಕಾಟ. ಸ್ಪೀಡಲ್ಲಿ ಹೋದರೆ ಸರಿ, ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗಿ ಆಫ್. ಬೆಳಿಗ್ಗೆ ಸ್ಟಾರ್ಟ್ ಮಾಡಿ ಎರಡೂ ಸೈಲೆನ್ಸರ್ ಪೈಪಿನ ಬುಡಕ್ಕೆ ನೀರು ಚಿಮುಕಿಸಿದೆ. ಬಲಗಡೆ ಚುಂಯ್ ಅಂತು. ಎಡಗಡೆ ನೀರು ಸುಮ್ನೆ ಇಳಿದು ಹೋಯಿತು. ಅಂದರೆ ಎಕ್ಸಲೇಟರ್ ಕೊಡದೆ ಓಡುವ ಐಡ್ಲಿಂಗ್‌ನಲ್ಲಿ ಎಡದ ಸಿಲಿಂಡರ್ ದುಡಿಯುತ್ತಲೇ ಇಲ್ಲ.

ಪ್ಲಗ್‌ನಲ್ಲಿ ಕಿಡಿ ಚೆನ್ನಾಗಿತ್ತು. ಕಿಡಿ ಹೊತ್ತಿಗೆ ಸರಿಯಾಗಿ ಬರಿಸುವ ಪಾಯಿಂಟ್ ಗ್ಯಾಪ್ ಕೂಡ ಸರಿ. ಉಳಿದಿದ್ದು ಕಾರ್ಬುರೇಟರ್. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಬಿಚ್ಚಿ, ಎರಡರ ಬಾಯಿಗೂ ಒಂದೊಂದು ಬೆರಳು ತೂರಿಸಿದೆ. ಎಕ್ಸಲೇಟರ್ ತಿರುಗಿಸಲು ಮೂರನೇ ಕೈ ಬೇಕಲ್ಲ? ಹೆಂಡತಿಯನ್ನು ಕರೆದೆ.

"ರೀ, ಒಲೆ ಮೇಲೆ ಸಾರಿದೆ."

"ಎರಡೇ ನಿಮಿಷ ಕಣೇ."

ಅವಳು ಮೆಲ್ಲಗೆ ತಿರುಗಿಸಿದಳು. ಬಲದ ಸ್ಲೈಡ್, ಅಂದರೆ ಕಾರ್ಬುರೇಟರ್ ಬಾಯಿ ತೆರೆದು ಮುಚ್ಚುವ ತುಂಡು, ಬೆರಳು ಬಿಟ್ಟು ಮೇಲೆದ್ದಿತು. ಎಡದ್ದು ಅಲ್ಲೇ ಕೂತಿತ್ತು. ಇನ್ನೊಂದು ಕೂದಲೆಳೆ ತಿರುಗಿಸಿದ ಮೇಲೆ ಅದೂ ಎದ್ದಿತು. ಬಿಟ್ಟಾಗ ಟಿಕ್, ಟಿಕ್ ಅಂತ ಎರಡು ಸದ್ದು. ಒಂದೇ ಕೇಳಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಥೇಟ್ ಹಾಗೆ.

ಕಾರಣ ನೋಡಿದರೆ ನಗು ಬರುತ್ತದೆ. ಬಲಗಡೆ ಕೇಬಲ್ಲಿನ ಹೊರಕವಚದ ತುದಿಯಲ್ಲಿ ಒಂದು ಪುಟ್ಟ ಲೋಹದ ಟೋಪಿ ಇದೆ. ಅದು ಅಡ್ಜಸ್ಟರ್ ಒಳಗೆ ಕೂರದೆ ಅಂಚಿನ ಮೇಲೆ ನಿಂತಿತ್ತು. ಕೇಬಲ್ ಬಿಗಿಯಾಗಿ ಸ್ಲೈಡ್ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಐಡ್ಲಿಂಗ್ ಪೂರ್ತಿ ಬಲದ ಹೆಗಲ ಮೇಲೇ. ಕೂರಿಸಿದವನು ನಾನೇ, ಯಾರನ್ನು ಬೈಯಲಿ? ತಳ್ಳಿದೆ, ಒಳಗೆ ಹೋಯಿತು. ಆಮೇಲೆ ಒಂದೊಂದೇ ಸಿಲಿಂಡರ್ ಓಡಿಸಿ, ಎರಡರ ಐಡ್ಲಿಂಗ್ ಸಮ ಮಾಡಿದೆ. ಎರಡೂ ಸೇರಿದಾಗ ಜಾಸ್ತಿ ಆದ ಸ್ಪೀಡನ್ನು ಸ್ಲೈಡ್ ಎಷ್ಟು ಇಳಿಯಬೇಕೆಂದು ತಡೆಯುವ ಎರಡು ಸ್ಟಾಪ್ ಸ್ಕ್ರೂನಲ್ಲೂ ಅಷ್ಟಷ್ಟೇ ಇಳಿಸಿದೆ. ಕೊನೆಗೆ ಒಂದೇ ಟಿಕ್. ನೀರು ಎರಡೂ ಕಡೆ ಚುಂಯ್. ಸಾರು ಮಾತ್ರ ಸ್ವಲ್ಪ ತಳ ಹಿಡಿದಿತ್ತು.

ಊಟ ಮುಗಿಸಿ ಮೆರಿಡನ್‌ಗೆ ಹೊರಟೆ. ಇಲ್ಲಿಂದ ಆರು ಮೈಲಿ. ಗಾಡಿಯ ತವರು ಅದು. ಕವೆಂಟ್ರಿಯ ಹಳೇ ಟ್ರಯಂಫ್ ಕಾರ್ಖಾನೆ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಹಾಳಾಯಿತು. 1942ರಲ್ಲಿ ಮೆರಿಡನ್‌ನಲ್ಲಿ ಹೊಸದು ಶುರುವಾಯಿತು. ಕೊನೆಕೊನೆಗೆ ಕೆಲಸಗಾರರೇ ಸಹಕಾರಿ ಸಂಘ ಮಾಡಿಕೊಂಡು ನಡೆಸಿದರು. 1983ರಲ್ಲಿ ಅದೂ ಮುಚ್ಚಿತು.

ದಾರಿಯಲ್ಲಿ ಒಂದು ಎಡವಟ್ಟು. ನನ್ನ ಕಾಲು ಹಾಸನದಲ್ಲಿ ಅಪ್ಪನ ಬುಲೆಟ್ ಮೇಲೆ ಕಲಿತದ್ದು. ಹಳೇ ಬುಲೆಟ್‌ನಲ್ಲೂ ಗೇರು ಬಲಗಾಲಿಗೇ, ಆದರೆ ಫಸ್ಟ್ ಮೇಲಕ್ಕೆ, ಉಳಿದವು ಕೆಳಕ್ಕೆ. ಇಲ್ಲಿ ತದ್ವಿರುದ್ಧ. ಆಲ್ಸ್ಲಿ ದಾಟುವಾಗ ಮೂರಕ್ಕೆ ಹಾಕಲು ಹೋಗಿ ಕೆಳಗೆ ಒತ್ತಿದೆ, ಒಂದಕ್ಕೆ ಬಿತ್ತು. ಎಂಜಿನ್ ಕಿರುಚಿದ್ದು ಕೇಳಿ ಫುಟ್‌ಪಾತ್ ಮೇಲಿದ್ದ ನಾಯಿಯೂ ತಿರುಗಿ ನೋಡಿತು.

ಮೆರಿಡನ್‌ನಲ್ಲಿ ಈಗ ಕಾರ್ಖಾನೆ ಇಲ್ಲ. ಬರೀ ಮನೆಗಳು, ಕತ್ತರಿಸಿದ ಹುಲ್ಲು, ನಿಂತ ಕಾರುಗಳು. ಒಂದು ಬೀದಿಯ ಹೆಸರು ಮಾತ್ರ ಬಾನೆವಿಲ್ ಕ್ಲೋಸ್. ಆ ಬೋರ್ಡಿನ ಕೆಳಗೆ ಗಾಡಿ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಲಿಲ್ಲ. ಐದು ನಿಮಿಷ ಐಡ್ಲಿಂಗ್‌ನಲ್ಲೇ ಇತ್ತು, ಒಂದು ಸಲವೂ ತೊದಲಲಿಲ್ಲ. ಅರ್ಧ ನಿಮಿಷದ ವೀಡಿಯೊ ಮಾಡಿ ಅಪ್ಪನಿಗೆ ಕಳಿಸಿದೆ.

ಮನೆಗೆ ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಫೋನ್ ಬಂತು. ಹೊಗಳುತ್ತಾರೆ ಅಂದುಕೊಂಡೆ.

"ಲೋ, ಎಡಗಡೆ ಟ್ಯಾಪೆಟ್ ಸದ್ದು ಮಾಡ್ತಿದೆಯಲ್ಲೋ, ನಿಂಗೆ ಕೇಳ್ಸಲ್ವಾ?"

ಮತ್ತೆ ವೀಡಿಯೊ ಹಾಕಿ ಕೇಳಿದೆ. ಹೌದು, ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸದ್ದಿದೆ. ನಾಳೆ ಎಂಜಿನ್ ತಣ್ಣಗಿರುವಾಗಲೇ ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಕೂರಬೇಕು. ಇನ್‌ಲೆಟ್‌ಗೆ 2 ಥೌ (ಇಂಚಿನ ಸಾವಿರದಲ್ಲಿ ಎರಡು ಭಾಗ), ಎಕ್ಸಾಸ್ಟ್‌ಗೆ 4.