ಚರಗ ಚೆಲ್ಲೋಕೆ ಒಂದು ಹೊಲ

ಎಳ್ಳ ಅಮಾವಾಸ್ಯೆಗೆ ಹೊಲ ಬೇಕು. ದೀಪಾವಳಿಗೆ ಒಂದು ಹಣತೆ ಸಾಕು. ಯುಗಾದಿಗೆ ಬೇವು-ಬೆಲ್ಲ ಎಲ್ಲಿದ್ದರೂ ಹೊಂದಿಸಬಹುದು. ಪಂಚಮಿಗೆ ನಾಲ್ಕು ಉಂಡಿ ಕಟ್ಟಿಕೊಂಡರೆ ಆಯಿತು. ಈ ಹಬ್ಬ ಹಾಗಲ್ಲ. ನಿಂತ ಬೆಳೆ ಬೇಕು, ಅದರ ನಡುವೆ ಕೂತು ಉಣ್ಣಬೇಕು, ಉಣ್ಣುವ ಮೊದಲು ಹೊಲದ ನಾಲ್ಕೂ ಮೂಲೆಗೆ ಚರಗ, ಅಂದರೆ ಮಾಡಿದ ಅಡುಗೆಯಲ್ಲಿ ಭೂಮಿತಾಯಿಯ ಪಾಲು, ಚೆಲ್ಲಬೇಕು. ಹೊಲ ಇಲ್ಲದವರು ಓಣಿಯವರ ಹೊಲಕ್ಕೆ ಹೋಗುತ್ತಾರೆ. ನಾನು, ನನ್ನ ತಮ್ಮ ಎರಡು ವ್ಯಾನುಗಳಲ್ಲಿ ಬದುಕುವವರು. ನಮಗೆ ಓಣಿಯೂ ಇಲ್ಲ.

ಹೀಗೆ ಬದುಕಲು ಶುರು ಮಾಡಿ ಮೂರು ವರ್ಷ ಆಯಿತು. ತಮ್ಮನದು ಹಳೆಯ ಫೋರ್ಸ್ ಟ್ರಾವೆಲರ್, ಮೊದಲು ಶಾಲೆ ಮಕ್ಕಳನ್ನು ಹೊತ್ತು ತಿರುಗಿದ ಗಾಡಿ. ನನ್ನದು ಮಾರುತಿ ಈಕೊ. ಅವನ ಗಾಡಿಯಲ್ಲಿ ನೆಟ್ಟಗೆ ನಿಂತು ಅಡುಗೆ ಮಾಡಬಹುದು, ನನ್ನದರಲ್ಲಿ ಮಲಗಬಹುದು, ಕೂತು ಓದಬಹುದು, ಅಷ್ಟೇ. ಸೀಟು ಕಿತ್ತು ಹಲಗೆ ಜೋಡಿಸುವುದು ಸುಲಭದ ಕೆಲಸ. ಆದರೆ ಗಾಡಿಯ ರೂಪ ಬದಲಿಸಿದರೆ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಲೇಬೇಕು. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವ ಮಾತು ಇದು. ಮೇಲೆ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ. ಅವನ ಸಾಫ್ಟ್‌ವೇರ್ ಕೆಲಸಕ್ಕೂ ನನ್ನ ಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೂ ಅಷ್ಟು ಕರೆಂಟು ಸಾಕು.

ಒಂದೇ ಗಾಡಿ ಸಾಕಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಕಿತ್ತೇನೋ. ಆದರೆ ಅಕ್ಕ-ತಮ್ಮ ಆದರೂ ಇಬ್ಬರಿಗೂ ಒಂದೊಂದು ಬಾಗಿಲು ಬೇಕು. ರಾತ್ರಿ ನಿಲ್ಲಿಸುವಾಗ ಎರಡೂ ಗಾಡಿಗಳ ಬಾಗಿಲು ಎದುರುಬದುರು ಬರುವ ಹಾಗೆ ನಿಲ್ಲಿಸುತ್ತೇವೆ. ನಡುವೆ ಮೇಲೊಂದು ತಾಡಪತ್ರಿ ಕಟ್ಟಿದರೆ ಅದೇ ನಮ್ಮ ಪಡಸಾಲೆ. ಅಲ್ಲಿ ಚಾಪೆ ಹಾಸಿ ಊಟ ಮಾಡುತ್ತೇವೆ, ಜಗಳವನ್ನೂ ಅಲ್ಲೇ ಮುಗಿಸುತ್ತೇವೆ.

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲ ಇತ್ತು. 2019ರಲ್ಲಿ ಅಪ್ಪನ ಆಸ್ಪತ್ರೆ ಖರ್ಚಿಗೆ ಮಾರಿದೆವು. ಹೊಲ ಹೋಯಿತು, ಅಪ್ಪನೂ ಉಳಿಯಲಿಲ್ಲ. ಅವ್ವ ಈಗ ಗದಗಿನಲ್ಲಿ ದೊಡ್ಡಕ್ಕನ ಮನೆಯಲ್ಲಿದ್ದಾಳೆ. ಎಲ್ಲ ಹಬ್ಬಕ್ಕೂ ಫೋನ್ ಮಾಡಿ ಏನು ಮಾಡಿದಿರಿ, ಏನು ಉಂಡಿರಿ ಅಂತ ಕೇಳುವವಳು, ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಫೋನ್ ಎತ್ತುವುದಿಲ್ಲ. ಮರುದಿನ ಏನೂ ಆಗದವಳ ಹಾಗೆ ಮಾತಾಡುತ್ತಾಳೆ. ನಾವೂ ಕೇಳುವುದಿಲ್ಲ.

2024ರ ಜನವರಿ 11ಕ್ಕೆ ಅಮಾವಾಸ್ಯೆ ಬಂದಾಗ ನಾವು ಕಚ್ಛಿನಲ್ಲಿದ್ದೆವು. ಖಾವಡಾದಿಂದ ಧೋಳಾವೀರಾಗೆ ಹೋಗುವ ದಾರಿ, ಎರಡೂ ಕಡೆ ಉಪ್ಪು. ಕಣ್ಣು ಹಾಯುವ ತನಕ ಬಿಳಿ ನೆಲ. ಅದನ್ನು ನೋಡಲೆಂದೇ ಜನ ದೂರದೂರದಿಂದ ಬರುತ್ತಾರೆ, ನಿಜಕ್ಕೂ ನೋಡುವಂಥದ್ದೇ. ಆದರೆ ಅವತ್ತು ನನಗೆ ಅದು ಏನೂ ಬೆಳೆಯದ ನೆಲವಾಗಿ ಮಾತ್ರ ಕಂಡಿತು. ತಮ್ಮ ಎರಡು ಸಜ್ಜಿ ರೊಟ್ಟಿ ಬಡಿದಿದ್ದ. ಚರಗ ಎಲ್ಲಿ ಚೆಲ್ಲುವುದು? ಕೊನೆಗೆ ಒಂದು ಬಳ್ಳಾರಿ ಜಾಲಿಯ ಬುಡಕ್ಕೆ ಹಾಕಿ ಬಂದೆವು. ಅಲ್ಲಿನವರು ಆ ಗಿಡಕ್ಕೆ ಗಾಂಡೋ ಬಾವಳ ಅನ್ನುತ್ತಾರೆ, ಹುಚ್ಚು ಜಾಲಿ ಅಂತ ಅರ್ಥ. ನಮ್ಮೂರಿನ ಹಳ್ಳದ ದಂಡೆಯಲ್ಲೂ ಅದೇ ಜಾಲಿ ಇದೆ. ಅದೊಂದೇ ಸಮಾಧಾನ. ಆ ರಾತ್ರಿ ತಮ್ಮ, "ಅಕ್ಕಾ, ಮುಂದಿನ ವರ್ಷ ಎಲ್ಲೇ ಇರೋಣ, ಜೋಳದ ಹೊಲದಾಗ ಇರೋಣ" ಅಂದ.

ಮುಂದಿನ ಅಮಾವಾಸ್ಯೆ ಅದೇ ವರ್ಷದ ಡಿಸೆಂಬರ್ 30ಕ್ಕೆ ಬಂತು, ಸೋಮವಾರ. ಒಂದು ವಾರ ಮುಂಚೆ ನಾವು ಸೊಲ್ಲಾಪುರದ ದಕ್ಷಿಣಕ್ಕೆ, ಭೀಮಾ-ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಇದ್ದೆವು. ಅಲ್ಲಿ ಸಂಗಮೇಶ್ವರ ಗುಡಿ ಇದೆ. 1018ರ ಒಂದು ಶಾಸನ ಇದೆ, ಮರಾಠಿಯ ಬಹಳ ಹಳೆಯ ಶಾಸನಗಳಲ್ಲಿ ಒಂದು. ನೀರಿನ ದಂಡೆಯಲ್ಲಿ ಎರಡು ದಿನ ಕಳೆದು ಅಕ್ಕಲಕೋಟೆ ಕಡೆ ಹೊರಟೆವು. ದಾರಿಯ ಎರಡೂ ಕಡೆ ಕಪ್ಪು ನೆಲ, ಕಡಲೆ, ಎದೆಮಟ್ಟ ಬೆಳೆದ ಬಿಳಿಜೋಳ. ತಮ್ಮ ಗಾಡಿ ನಿಧಾನ ಮಾಡಿದ. ಹಿಂದೆ ಬರುತ್ತಿದ್ದ ನನಗೆ ಅರ್ಥವಾಯಿತು.

ಒಂದು ಹಳ್ಳಿಯ ಹೊರಗೆ, ಬೋರ್‌ವೆಲ್ ಹತ್ತಿರ ನೀರು ಕೇಳಲು ನಿಲ್ಲಿಸಿದೆವು. ಬರುವ ಹಿಂದಿ ಮರಾಠಿ ಸೇರಿಸಿ ಮಾತಾಡಲು ನಾನು ಬಾಯಿ ತೆಗೆಯುವಷ್ಟರಲ್ಲಿ, ಪೈಪು ಹಿಡಿದಿದ್ದ ಹಿರಿಯರು ನಂಬರ್ ಪ್ಲೇಟು ನೋಡಿದರು. ಕೆಎ 26.

"ಗದಗಿನವ್ರೇನ್ರಿ?"

"ಹೌದ್ರಿ ಕಾಕಾ."

"ಮತ್ಯಾಕ ಹಿಂದಿ ಮಾತಾಡ್ಲಿಕ್ಕ ಹೊಂಟಿದ್ದಿ? ತಗೋ, ಮೊದಲ ನೀರ ತುಂಬ್ಕೊ."

ನಮ್ಮ ಕ್ಯಾನುಗಳು ತುಂಬುವಷ್ಟರಲ್ಲಿ ಅವರು ಎಲ್ಲ ಕೇಳಿಕೊಂಡರು. ಮನೆ ಯಾಕೆ ಇಲ್ಲ, ಮದುವೆ ಯಾಕೆ ಆಗಿಲ್ಲ, ಗಾಡಿಯಲ್ಲಿ ಚಳಿ ಆಗುವುದಿಲ್ಲವೇ. ಹಬ್ಬಕ್ಕೆ ಎಲ್ಲಿ ಇರುತ್ತೀರಿ ಅಂದಾಗ ತಮ್ಮ ಸುಮ್ನೆ ಜೋಳದ ಕಡೆ ನೋಡಿದ. ಕಾಕಾ ಮತ್ತೇನೂ ಕೇಳಲಿಲ್ಲ. "ಗಾಡಿ ಹೊಲದ ದಂಡಿಗೆ ಹಚ್ರಿ" ಅಂದರು.

ಹಿಂದೊಮ್ಮೆ, ಬೇರೆ ಊರಲ್ಲಿ, ರಾತ್ರಿ ಹನ್ನೆರಡಕ್ಕೆ ಎಬ್ಬಿಸಿ ಇಲ್ಲಿ ನಿಲ್ಲಬೇಡಿ ಅಂತ ಕಳಿಸಿದ್ದರು. ಹೀಗೆ ಬದುಕುವವರಿಗೆ ಅದು ಆಗಾಗ ಆಗುತ್ತದೆ. ಅದಕ್ಕೇ "ಹಚ್ರಿ" ಅನ್ನುವ ಒಂದು ಮಾತಿಗೆ ನಮ್ಮಲ್ಲಿ ಎಷ್ಟು ಬೆಲೆ ಇದೆ ಅಂತ ಮನೆ ಇರುವವರಿಗೆ ಹೇಳಿ ತಿಳಿಸುವುದು ಕಷ್ಟ.

ಆ ಊರಲ್ಲಿ ಅಂಗಡಿ ಬೋರ್ಡು ಮರಾಠಿ, ಮನೆಯೊಳಗೆ ಕನ್ನಡ. ಕಾಕಾನ ಮೊಮ್ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆ. ನನ್ನ ಗಾಡಿಯಲ್ಲಿದ್ದ ಕರಡು ಹಾಳೆಗಳನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು. ಕೆಂಪು ಶಾಯಿಯಲ್ಲಿ ನಾನು ತಿದ್ದಿದ್ದನ್ನು ನೋಡಿ, "ನೀವು ಟೀಚರಾ?" ಅಂತ ಕೇಳಿದಳು. ಅಕ್ಕಲಕೋಟೆಯನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕು ಅಂತ, ಎರಡೂ ರಾಜ್ಯಗಳ ಗಡಿ ಜಗಳ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಅದು ಆಗಲಿಲ್ಲ. ಕಾಕಾ ಆ ಮಾತು ಎತ್ತಿದ್ದು ಒಂದೇ ಸಲ, ಅದೂ ಮೊಮ್ಮಗಳ ಪಠ್ಯಪುಸ್ತಕ ತೋರಿಸುವಾಗ. ಅವಳ ಮುಂದಿನ ಓದು ಯಾವ ಭಾಷೆಯಲ್ಲಿ ಆಗುತ್ತದೋ ಅನ್ನುವ ಚಿಂತೆ ಅವರಿಗೆ. ನನಗೂ ಆ ಚಿಂತೆ ಅಂಟಿಕೊಂಡಿತು.

ಹಬ್ಬದ ಹಿಂದಿನ ಸಂಜೆ ಕಾಕಾ ಸೀತನಿ ಮಾಡಿದರು. ಮುಂಚೆ ಬಿತ್ತಿದ ಒಂದು ಪಟ್ಟಿಯಲ್ಲಿ ತೆನೆ ಹಾಲುದುಂಬಿತ್ತು. ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ತೆನೆ ಇಟ್ಟು, ಹೊರಳಿಸಿ ಹೊರಳಿಸಿ ಸುಟ್ಟರು. ಬಿಸಿ ಇರುವಾಗಲೇ ಎರಡೂ ಅಂಗೈ ನಡುವೆ ತಿಕ್ಕಿ, ಹೊಟ್ಟು ಊದಿದರು. ಹಸಿರು ಕಾಳು, ಒಂದು ಮುಟಿಗೆ. ಮೇಲೆ ಶೇಂಗಾ ಹಿಂಡಿ. ಅದು ಮಾಲದಂಡಿ ಜೋಳ. ಇಲ್ಲೇ ಮೊಹೋಳದಲ್ಲಿ ಆರಿಸಿ ತೆಗೆದ ತಳಿ, ಎಂ 35-1 ಅಂತ ಚೀಟಿಯ ಮೇಲೆ ಇರುತ್ತದಲ್ಲ, ಅದೇ. ಮಳೆಗಾಲ ಮುಗಿದ ಮೇಲೆ ಬಿತ್ತಿ, ಎರಿ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುತ್ತದೆ. ಅಪ್ಪನೂ ಅದನ್ನೇ ಬಿತ್ತುತ್ತಿದ್ದ. ತಮ್ಮ ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಐದಕ್ಕೇ ಎದ್ದೆವು. ಮೈ ಕೊರೆಯುವ ಚಳಿ. ರೊಟ್ಟಿ ಬಡಿಯುವುದು ನಮ್ಮಲ್ಲಿ ತಮ್ಮನ ಕೆಲಸ. ಅವ್ವನ ಹತ್ತಿರ ಅವನೇ ಕಲಿತ, ನಾನು ಕಲಿಯಲಿಲ್ಲ. ವ್ಯಾನಿನೊಳಗೆ ರೊಟ್ಟಿ ಬಡಿಯುವುದನ್ನು ಒಮ್ಮೆ ನೋಡಬೇಕು ನೀವು. ಹಿಟ್ಟಿಗೆ ಕುದಿನೀರು ಹಾಕಿ, ಪರಾತದಲ್ಲಿ ಮಿದ್ದಿ, ಹಲಗೆಯ ಮೇಲೆ ಬಡಿಯಲು ಶುರು ಮಾಡಿದರೆ ಇಡೀ ಗಾಡಿ ತಾಳ ಹಿಡಿಯುತ್ತದೆ. ಡಬ್ಬಿಗಳು ಸಣ್ಣಗೆ ಕುಣಿಯುತ್ತವೆ, ಗಾಜು ಗುಂಯ್ ಅನ್ನುತ್ತದೆ. ಅವನ ಬಲಗೈ ಬಡಿಯುತ್ತಿದ್ದರೆ ಎಡಗೈ ಬೆರಳು ಅಂಚನ್ನು ತಿರುಗಿಸುತ್ತಲೇ ಇರುತ್ತವೆ. ಅದೇ ಅವ್ವನ ಎಡಗೈ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿದರೆ ಉಬ್ಬುತ್ತದೆ. ಗ್ಯಾಸ್ ಉರಿಯುವಾಗ ಬಾಗಿಲು, ಮೇಲಿನ ಕಿಂಡಿ ಎರಡೂ ತೆರೆದಿರಲೇಬೇಕು, ಎಷ್ಟೇ ಚಳಿ ಇರಲಿ. ಸಣ್ಣ ಜಾಗದಲ್ಲಿ ಹೊಗೆ ನಿಂತರೆ ಜೀವಕ್ಕೇ ಅಪಾಯ. ಹಾಗಾಗಿ ನಮ್ಮ ರೊಟ್ಟಿಯ ಸದ್ದು ಹೊಲದಾಚೆ ಮನೆಗೂ ಕೇಳಿಸಿ, ಕಾಕಾನ ತಾಯಿ, ಊರೆಲ್ಲ ಆಯಿ ಅಂತ ಕರೆಯುವ ಅಜ್ಜಿ, ಕೋಲೂರಿಕೊಂಡು ಬಂದರು. ಬಾಗಿಲಲ್ಲಿ ನಿಂತು ತಮ್ಮನ ಕೈ ನೋಡಿದರು.

"ಗಂಡು ಹುಡುಗ ರೊಟ್ಟಿ ಬಡಿತಾನ. ಯಾರ ಕಲಿಸ್ಯಾರಪ್ಪ?"

"ನಮ್ಮವ್ವರೀ ಆಯಿ."

"ಶಾಣ್ಯಾ ಹೆಣ್ಮಗಳು" ಅಂದು, ಹಂಚಿನ ಪಕ್ಕದ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ನಾವು ಮಾಡಿದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ. ಅವರ ಮನೆಯಿಂದ ಬಂದಿದ್ದು ಭಜ್ಜಿ ಮತ್ತು ಅಂಬಲಿ. ಭಜ್ಜಿ ಅಂದರೆ ನಮಗೆ ಎಣ್ಣೆಯಲ್ಲಿ ಕರಿದದ್ದು. ಇಲ್ಲಿ ಬೇರೆಯೇ. ಹಸಿ ಕಡಲೆ, ಅವರೆ, ತೊಗರಿ, ಶೇಂಗಾ, ಸಿಕ್ಕ ತರಕಾರಿ, ಸೊಪ್ಪು ಎಲ್ಲ ಕೂಡಿಸಿ, ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಗಟ್ಟಿಯಾಗಿ ಬೇಯಿಸುತ್ತಾರೆ. ಕಲಬುರಗಿ, ಬೀದರ ಕಡೆಯವರಿಗೆ ಇದು ಹೊಸದಲ್ಲ. ನನಗೆ ಹೊಸದು. ಎರಡು ಸಲ ಹಾಕಿಸಿಕೊಂಡೆ. ಹೊಲದಲ್ಲಿ ಆ ಹೊತ್ತಿಗೆ ಏನೇನು ಹಸಿಯಾಗಿ ಸಿಗುತ್ತದೋ ಅದೆಲ್ಲ ಒಂದೇ ಪಾತ್ರೆಯಲ್ಲಿ.

ಹೊಲದ ನಡುವೆ ಜೋಳದ ಕಣಿಕೆಯ ಚಿಕ್ಕ ಗುಡಿಸಲು ಕಟ್ಟಿದ್ದರು. ಒಳಗೆ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಅರಿಸಿನ, ಕುಂಕುಮ, ಹಸಿರು ಖಣ. ಕಾಕು, ಅಂದರೆ ಕಾಕಾನ ಹೆಂಡತಿ, ನೆಲಕ್ಕೆ ಉಡಿ ತುಂಬಿದರು. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸುವ ಊಟ ಇದು ಅಂತ ನಮ್ಮ ಕಡೆಯೂ ಹೇಳುತ್ತಾರೆ. ಮರಾಠಿಯವರು ಇದಕ್ಕೆ ವೇಳ ಅಮಾವಸ್ಯಾ ಅನ್ನುತ್ತಾರೆ. ಲಾತೂರ, ಧಾರಾಶಿವ ಕಡೆ ದೊಡ್ಡ ಹಬ್ಬ. ನಮ್ಮ ಎಳ್ಳೇ ಅವರ ಬಾಯಲ್ಲಿ ವೇಳ ಆಯಿತು ಅಂತ ಹೇಳುವವರಿದ್ದಾರೆ.

ಆಮೇಲೆ ಚರಗ. ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಬುಟ್ಟಿಯಲ್ಲಿ ಕಲಸಿಕೊಂಡು ಕಾಕಾ ಮುಂದೆ ನಡೆದರು. ಹಿಂದೆ ತಂಬಿಗೆ ನೀರು ಹಿಡಿದು ತಮ್ಮ. ಕಾಕಾ ಮೊದಲ ಮುಟಿಗೆ ಬೆಳೆಯ ಮೇಲೆ ಎಸೆದು ಕೂಗಿದರು.

"ಹೊಲಗ್ಯಾ ಹೊಲಗ್ಯಾ..."

ಹಿಂದಿನವನು "ಸಾಲಂ ಪೊಲಗ್ಯಾ" ಅನ್ನಬೇಕು. ತಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕೇಳಿದ ಕೂಡಲೇ ಅವನ ಬಾಯಿಂದ ನಮ್ಮೂರಿನದು ಬಂದುಬಿಟ್ಟಿತು.

"ಸಲಾಂಬ್ರಿಗೋ!"

ಕಾಕಾ ನಿಂತು ತಿರುಗಿ ನೋಡಿದರು. ನಮ್ಮ ಮನೆಯಲ್ಲಿ ಮುಂದಿನವರು "ಹುಲ್ಲುಲ್ಲಿಗೋ" ಅಂದರೆ ಹಿಂದಿನವರು "ಸಲಾಂಬ್ರಿಗೋ" ಅನ್ನಬೇಕು. ಊರಿಂದ ಊರಿಗೆ, ಮನೆಯಿಂದ ಮನೆಗೆ ಈ ಮಾತು ಸ್ವಲ್ಪ ಬೇರೆ ಆಗುತ್ತದೆ. ಅಪ್ಪನನ್ನು ಅರ್ಥ ಕೇಳಿದ್ದೆ, ಅವನಿಗೂ ಗೊತ್ತಿರಲಿಲ್ಲ. ಕಾಕಾ ಅಂದರು, "ನಮ್ಮಪ್ಪಗೂ ಗೊತ್ತಿರಲಿಲ್ಲ ಬಿಡು. ನೀ ನಿಂದ ಒದರು, ನಾ ನಂದ ಒದರ್ತೀನಿ." ಮೂರು ಮೂಲೆ ಹಾಗೇ ಆಯಿತು. ಅವರು "ಹೊಲಗ್ಯಾ", ಇವನು "ಸಲಾಂಬ್ರಿಗೋ". ಮೊಮ್ಮಗಳು ಎರಡನ್ನೂ ಕಲಿತು ಎರಡನ್ನೂ ಕೂಗಿದಳು. ಜೋಳದ ಎಲೆಗಳ ಮೇಲೆ ರೊಟ್ಟಿ ಚೂರು, ಹೋಳಿಗೆ ಚೂರು, ನೀರಿನ ಹನಿ.

ನಾಲ್ಕನೇ ಮೂಲೆಗೆ ಬಂದಾಗ ಕಾಕಾ ಬುಟ್ಟಿಯನ್ನು ತಮ್ಮನ ಕೈಗೆ ಕೊಟ್ಟರು.

"ಈ ಮೂಲಿ ನಿಮ್ಮದಂತ ತಿಳ್ಕೊಳ್ರಿ."

ತಮ್ಮ ಬುಟ್ಟಿ ಹಿಡಿದು ಸುಮ್ಮನೆ ನಿಂತ. ನಂತರ ನನ್ನ ಕಡೆ ತಿರುಗಿ, "ಅವ್ವಗ ಫೋನ್ ಹಚ್ಚು" ಅಂದ. ಎತ್ತುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಎರಡು ಸಲ ರಿಂಗಾಗಿ ಕಟ್ಟಾಯಿತು. ಮೂರನೇ ಸಲ ದೊಡ್ಡಕ್ಕ ಎತ್ತಿದಳು. ವಿಡಿಯೋ ಹಾಕಿ ನಾನು ಏನೂ ಹೇಳದೆ ಫೋನನ್ನು ಜೋಳದ ಕಡೆ ತಿರುಗಿಸಿದೆ. ಗಾಳಿ ಇತ್ತು. ಎಲೆಗೆ ಎಲೆ ತಾಗಿ ಸರಸರ ಸದ್ದು. ಆ ಕಡೆ ದೊಡ್ಡಕ್ಕ, "ಅವ್ವಾ, ಇಲ್ಲಿ ಬಾ, ನೋಡು" ಅಂದದ್ದು ಕೇಳಿಸಿತು. ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅವ್ವನ ಧ್ವನಿ.

"ಯಾರ ಹೊಲ ಅದು?"

"ಒಬ್ರು ಕಾಕಾಂದು, ಅವ್ವಾ. ಅಕ್ಕಲಕೋಟಿ ಕಡೆ."

"ಹೊಡಿ ಚಲೋ ಬಂದಾವ. ನಾಲ್ಕೂ ಮೂಲಿಗೆ ಚೆಲ್ಲಿದ್ರೇನು?"

"ಮೂರ ಆಗ್ಯಾವ. ಇದೊಂದ ಉಳದೈತಿ."

ಅವ್ವ ಮಾತಾಡಲಿಲ್ಲ. ತಮ್ಮ ಬುಟ್ಟಿಗೆ ಕೈ ಹಾಕಿ, ಮುಟಿಗೆ ತುಂಬ ತೆಗೆದು, ಬೆಳೆಯ ಮೇಲೆ ದೂರ ಎಸೆದು, ಎದೆ ತುಂಬ ಕೂಗಿದ. "ಹುಲ್ಲುಲ್ಲಿಗೋ..."

ಆ ಹೊಲದಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ. ಅವ್ವನ "ಸಲಾಂಬ್ರಿಗೋ" ನಮ್ಮನ್ನು ಮುಟ್ಟುವಷ್ಟರಲ್ಲಿ ಅವನು ಎರಡನೇ ಮುಟಿಗೆ ಎತ್ತಿಯಾಗಿತ್ತು.