ಇಂಗ್ಲಿಷ್ ಪೀರಿಯಡ್‌ಗೆ ಬಂದ ಗುಬ್ಬಕ್ಕ

22 ನವೆಂಬರ್ 2024, ಶುಕ್ರವಾರ

ಏಳನೇ ತರಗತಿಯ ಚಿತ್ರಪುಸ್ತಕಗಳಿಗೆ ಇವತ್ತು ಹೊಲಿಗೆ ಬಿತ್ತು. ನಾಲ್ಕು ಎ4 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ 16 ಪುಟ. ಮಡಿಕೆಯ ಮೇಲೆ ಮೂರು ತೂತು, ಒಂದು ದಬ್ಬಣ, ದಪ್ಪ ದಾರ. ರಟ್ಟಿಗೆ ಹಳೇ ಲಗ್ನಪತ್ರಿಕೆಗಳು. ಹಾವೇರಿ ಕಡೆಯ ಹಳ್ಳಿಗಳಲ್ಲಿ ಲಗ್ನಪತ್ರಿಕೆಗೆ ಬರವಿಲ್ಲ.

ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ. ಪಾಠದಲ್ಲಿ ಓದಿದ ಕಥೆ ಬೇಡ, ಮೊಬೈಲಿನಲ್ಲಿ ನೋಡಿದ್ದೂ ಬೇಡ. ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಬಾಯಿಂದ ಹೇಳಿದ ಕಥೆಯೇ ಆಗಬೇಕು. ಅದನ್ನು ಇಂಗ್ಲಿಷಿನಲ್ಲಿ ಬರೆದು, ಚಿತ್ರ ಹಾಕಬೇಕು. ಮೊದಲ ಪುಟದಲ್ಲಿ ಕಥೆ ಹೇಳಿದವರ ಹೆಸರು ಮತ್ತು ಊರು ಕಡ್ಡಾಯ.

ಕಾಗಕ್ಕ ಗುಬ್ಬಕ್ಕನ ಕಥೆ ತಂದವರೇ ಜಾಸ್ತಿ. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನ ಮನೆ ಕಲ್ಲಿನದು. ಮಳೆ ಬಂತು, ಸಗಣಿ ಮನೆ ಕರಗಿ ಹೋಯಿತು. ಕಾಗಕ್ಕ ನೆನೆದುಕೊಂಡು ಬಂದು ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಒಳಗಿನಿಂದಲೇ ಸಬೂಬು ಹೇಳುತ್ತಾಳೆ. 'ವೇಟ್, ಐ ಆ್ಯಮ್ ಬೇದಿಂಗ್ ಮೈ ಬೇಬಿ.' ಮತ್ತೆ ಬಾಗಿಲ ಸದ್ದು. 'ವೇಟ್, ಐ ಆ್ಯಮ್ ಫೀಡಿಂಗ್ ಮೈ ಬೇಬಿ.' ಆಮೇಲೆ ತಲೆ ಬಾಚುವುದು, ತೊಟ್ಟಿಲು ತೂಗುವುದು. ಪ್ರೆಸೆಂಟ್ ಕಂಟಿನ್ಯುಯಸ್ ಟೆನ್ಸ್ ಕಲಿಸಲು ಬೋರ್ಡ್ ಮೇಲೆ ಎಷ್ಟು ವಾಕ್ಯ ಬರೆದಿದ್ದೇನೋ! ಈ ಕಥೆಯಲ್ಲಿ ಅದು ಹೇಳಿ ಮಾಡಿಸಿದ ಹಾಗೆ ಕೂತಿದೆ. ಒಂದು ಸಾಲು ಕಲಿತರೆ ಸಾಕು, ಪುಟಕ್ಕೊಂದು ಕೆಲಸ ಬದಲಾಯಿಸುತ್ತಾ ಹೋಗಬಹುದು. ಇಂಗ್ಲಿಷ್ ಅಂದರೆ ಕೊನೆಯ ಬೆಂಚಿಗೆ ಸರಿಯುತ್ತಿದ್ದ ಹುಡುಗನೊಬ್ಬ ಆರು ಪುಟ ತಾನೇ ಬರೆದ. ಗುಬ್ಬಕ್ಕ ರೊಟ್ಟಿ ಬಡಿಯುವ ಪುಟ ಅವನ ಸ್ವಂತದ್ದು.

ಕಥೆಯ ಕೊನೆಗೆ ಜಗಳ ಶುರುವಾಯಿತು. ಒಬ್ಬರ ಮನೆಯಲ್ಲಿ ಕಾಗಕ್ಕ ಒಲೆಯ ಹತ್ತಿರ ಕೂತು ಬಾಲ ಸುಟ್ಟುಕೊಳ್ಳುತ್ತಾಳೆ. ಇನ್ನೊಬ್ಬರ ಮನೆಯಲ್ಲಿ ಮೂಟೆಯಲ್ಲಿದ್ದ ಕಡಲೆಯನ್ನೆಲ್ಲ ತಿಂದು ಹಾರಿ ಹೋಗುತ್ತಾಳೆ. 'ಟೀಚರ್, ಯಾವುದು ಕರೆಕ್ಟ್?' ಅಂತ ನನ್ನ ಸುತ್ತ ನಿಂತರು. ಎರಡೂ ಸರಿ, ನಿಮ್ಮ ಮನೆಯಲ್ಲಿ ಹೇಗೆ ಹೇಳಿದರೋ ಹಾಗೇ ಬರೆಯಿರಿ ಅಂದೆ. ಜನಪದ ಕಥೆಯ ಗುಣವೇ ಅದು ಅಲ್ವಾ? ಹೇಳುವವರ ಬಾಯಿ ಬದಲಾದರೆ ಕಥೆಯೂ ಬದಲಾಗುತ್ತದೆ. ಹೇಳಿದವರ ಹೆಸರು ಬರೆಯಲೇಬೇಕು ಎಂದು ನಾನು ಹಠ ಹಿಡಿದಿದ್ದೂ ಇದಕ್ಕೇ.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಷಿಕಾಗೊಗೆ ಹೋಗುವ ಮೊದಲು ನಮ್ಮ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಜನಪದ ಕಥೆಗಳನ್ನು ಜನರ ಬಾಯಿಂದ ಕೇಳಿ ಸಂಗ್ರಹಿಸಿದರು. ಅವನ್ನು ಇಂಗ್ಲಿಷಿಗೆ ತಂದರು. ಇದನ್ನು ಮಕ್ಕಳಿಗೆ ಹೇಳಿದಾಗ ಒಬ್ಬಳು, 'ಹಂಗಾದ್ರ ನಾವೂ ಅದನ್ನ ಮಾಡಾಕತ್ತೀವಿ' ಅಂದಳು. ಹೌದು ಕಣೇ, ಅದನ್ನೇ ಮಾಡುತ್ತಿದ್ದೀರಿ.

ಹೆಸರು ಕೇಳಿದಾಗ ಅಜ್ಜಿಯರು ನಾಚಿಕೊಂಡರಂತೆ. 'ನನ್ನ ಹೆಸರ್ಯಾಕ ಬೇಕವಾ ನಿಮ್ಮ ಟೀಚರ್‌ಗೆ?' ಅಂದರಂತೆ ಒಬ್ಬರು. ಆದರೂ ಮರುದಿನ ಮೊಮ್ಮಗಳನ್ನು ಕೂರಿಸಿಕೊಂಡು ಬಿಟ್ಟುಹೋದ ಭಾಗವನ್ನೂ ಹೇಳಿಕೊಟ್ಟಿದ್ದಾರೆ.

ಆ ಮೊಮ್ಮಗಳು ತಂದದ್ದು 'ಕೆರೆಗೆ ಹಾರ' ಅನ್ನುವ ಜನಪದ ಕಥನಗೀತೆ. ಅಜ್ಜಿ ಅದನ್ನು ಹಾಡಿಯೇ ಹೇಳಿದ್ದು. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರತಿಯನ್ನು ಹಾರ, ಅಂದರೆ ಬಲಿ, ಕೊಡುತ್ತಾರೆ. ಭಾಗೀರತಿ ಒಂದೊಂದೇ ಮೆಟ್ಟಿಲು ಏರಿದಂತೆ ನೀರೂ ಏರುವ ಭಾಗಕ್ಕೆ ಈ ಹುಡುಗಿ ಐದು ಪುಟ ಕೊಟ್ಟಿದ್ದಾಳೆ. ಪುಟಕ್ಕೆ ಒಂದೇ ಸಾಲು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ನಡುವಿಗೆ ಬಂತು. ಪ್ರತಿ ಪುಟದಲ್ಲೂ ನೀಲಿ ಕ್ರೆಯಾನು ಸ್ವಲ್ಪ ಸ್ವಲ್ಪ ಮೇಲೆ ಬರುತ್ತದೆ. ಐದನೇ ಪುಟ ಪೂರ್ತಿ ನೀಲಿ, ಒಂದು ಅಕ್ಷರವೂ ಇಲ್ಲ. ಹೀಗೆ ಮಾಡು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಎಲ್ಲಿ ಮಾತು ನಿಲ್ಲಿಸಿ ಚಿತ್ರಕ್ಕೆ ಬಿಡಬೇಕು ಅನ್ನುವುದು ಈ ವಯಸ್ಸಿಗೇ ಗೊತ್ತಾಗಿದೆಯಲ್ಲ ಅಂತ ನನಗೆ ಹೊಟ್ಟೆ ತುಂಬಿತು. ದಂಡಿನಿಂದ ಓಡಿ ಬರುವ ಗಂಡ ಮಾದೇವರಾಯನಿಗೂ ಒಂದು ಪುಟವಿದೆ. ಕಥೆ ಮುಗಿದ ಮೇಲೆ ಉಳಿದ ಖಾಲಿ ಪುಟದಲ್ಲಿ ಅವಳೇ ಬರೆದ ಪ್ರಶ್ನೆ: 'ವೈ ಓನ್ಲಿ ಭಾಗೀರತಿ?' ಅದಕ್ಕೆ ಉತ್ತರ ಬರೆಸಲು ಹೋಗಲಿಲ್ಲ. ಅವಳು ಕೇಳಿದ್ದು ಹಾಗೇ ಇರಲಿ.

ಸ್ಪೆಲ್ಲಿಂಗ್ ತಪ್ಪುಗಳನ್ನು ಪೆನ್ಸಿಲ್ ಪ್ರತಿಯಲ್ಲೇ ಕೂತು ತಿದ್ದಿದೆವು. ವಾಕ್ಯ ಸಣ್ಣದಿದ್ದರೆ ಸಣ್ಣದೇ ಇರಲಿ ಅಂತ ಬಿಟ್ಟೆ.

ನಮ್ಮ ಮಕ್ಕಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೆ ತರಗತಿಯಲ್ಲಿ ನಾವು ಕೇಳುವ ಪ್ರಶ್ನೆಗಳ ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ, ಅದು ಅವರಿಗೂ ಗೊತ್ತು. ಈ ಸಲ ಕಥೆ ಗೊತ್ತಿದ್ದದ್ದು ಅವರಿಗೆ ಮಾತ್ರ. 'ದೆನ್?' ಅಂತ ನಾನು ನಿಜವಾಗಿಯೂ ಕೇಳುತ್ತಿದ್ದೆ. ಅವರು ಹೇಳಲೇಬೇಕಿತ್ತು, ಹೇಳಿದರು.

ಇನ್ನೂ ಕೆಲವಕ್ಕೆ ರಟ್ಟು ಅಂಟಿಸಬೇಕು. ಪುಸ್ತಕಗಳು ಮೊದಲು ಅವರವರ ಮನೆಗೆ ಹೋಗಬೇಕು, ಆಮೇಲೆ ನಮ್ಮ ಲೈಬ್ರರಿ ಕಪಾಟಿಗೆ. ಇಂಗ್ಲಿಷಿನಲ್ಲಿ ಓದಿ ತೋರಿಸಿ, ಹೇಳಿದವರ ಹೆಸರಿನ ಮೇಲೆ ಬೆರಳಿಟ್ಟು 'ಇದು ನೀನೇ' ಅಂತ ತೋರಿಸಿ ಬರಬೇಕು ಅಂತ ಹೇಳಿ ಕಳಿಸಿದ್ದೇನೆ. ಸೋಮವಾರ ಆರನೇ ತರಗತಿಯವರಿಗೂ ಶುರು ಮಾಡುತ್ತೇನೆ. ಅವರು ಈಗಾಗಲೇ ಕಿಟಕಿಯಲ್ಲಿ ನಿಂತು ಹಾಳೆ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ.