ಯೂಸರ್‌ಡೇಟಾ ಎದುರಿನ ಟಿಕ್

ಅಕ್ಕಾರು ಟ್ಯಾಬನ್ನು ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ತಂದಿದ್ದರು. ಧಾರವಾಡದಿಂದ ಬಸ್ಸಿಗೆ ಬಂದು, ಹುಬ್ಬಳ್ಳಿಯ ದುರ್ಗದಬೈಲಿನಿಂದ ಕೇಳಿಕೊಂಡು ಕೇಳಿಕೊಂಡು ನಮ್ಮ ರಿಪೇರಿ ಅಂಗಡಿ ಮುಟ್ಟಿದ್ದರು.

"ರಾತ್ರಿ ಅಪ್‌ಡೇಟ್ ಕೇಳ್ತು ತಮ್ಮಾ, ಹೂಂ ಅಂದೆ. ಚಾರ್ಜ್ ಕಡಿಮಿ ಇತ್ತು, ನಡುವ ಕರೆಂಟ್ ಹೋತು. ಮುಂಜಾನಿ ನೋಡಿದ್ರ ಕಂಪನಿ ಹೆಸರು ಬರ್ತೈತಿ, ಹೋಗ್ತೈತಿ, ಮತ್ತ ಬರ್ತೈತಿ."

ಲೋಗೋ ಹ್ಯಾಂಗ್. ನಮಗೆ ದಿನಾ ಬರುವ ಕೇಸು. ಜಾಬ್ ಶೀಟ್ ಬರೆದು ಸಹಿ ಮಾಡಿಸಿಕೊಂಡೆ. "ಒಳಗ ಏನರ ಬೇಕಾದ್ದು ಐತೇನ್ರಿ ಅಕ್ಕಾರ?" ಅಂದೆ. "ಎಲ್ಲಾ ಅದರಾಗ ಐತೋ" ಅಂದರು. ಎಲ್ಲಾ ಅಂದರೆ ಏನು ಅಂತ ನಾನು ಕೇಳಲಿಲ್ಲ. ಕೌಂಟರಿನ ಮುಂದೆ ಇನ್ನೂ ಆರು ಜನ ನಿಂತಿದ್ದರು.

ಅದರಲ್ಲಿದ್ದದ್ದು ಕಸೂತಿ. ನಾಲ್ಕು ವರ್ಷ ಅಕ್ಕಾರು ಕುಂದಗೋಳ, ನವಲಗುಂದ, ಅಣ್ಣಿಗೇರಿ, ಲಕ್ಷ್ಮೇಶ್ವರ ಅಂತ ಊರೂರು ತಿರುಗಿ, ಅಜ್ಜಿಯರ ಟ್ರಂಕಿನಿಂದ ಚಂದ್ರಕಾಳಿ ಸೀರೆ, ಕುಪ್ಪಸ, ಕುಂಚಿಗೆ ತೆಗೆಸಿ ಫೋಟೋ ಹೊಡೆದುಕೊಂಡಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಗೋಪುರವಿರಲಿ, ತೇರಿರಲಿ, ಆನೆ, ತುಳಸಿಕಟ್ಟೆ ಇರಲಿ, ಲೆಕ್ಕ ಸಿಗಬೇಕೆಂದರೆ ಹಳೆಯ ಕೆಲಸವನ್ನೇ ಕಣ್ಣಿಗೆ ಹಿಡಿದು ನೋಡಬೇಕು. ಗವಂತಿ ಹೊಲಿಗೆ ಎರಡೂ ಮಗ್ಗುಲಿಗೆ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಇರಬಾರದು. ಅದಕ್ಕೆ ಒಂದೊಂದು ಸೀರೆಗೂ ಮುಂದಿನದು, ಹಿಂದಿನದು, ಹತ್ತಿರದ್ದು ಅಂತ ಹತ್ತಾರು ಫೋಟೋ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಸರಿಯಾದ ದಾರಿ ನನಗೆ ಗೊತ್ತಿರಲಿಲ್ಲ ಅಂತಲ್ಲ. ಆಂಡ್ರಾಯ್ಡ್ 7 ಬಂದ 2016ರಿಂದ ಸಿಸ್ಟಮ್ಮಿಗೆ ಎರಡು ಜಾಗ ಇಡುವ ಎ-ಬಿ ಸ್ಲಾಟ್ ಪದ್ಧತಿ ಇದೆ. ಅಂಥ ಟ್ಯಾಬಿನಲ್ಲಿ ಅಪ್‌ಡೇಟ್ ಎರಡನೇ ಸ್ಲಾಟಿಗೆ ಬರೆದುಕೊಳ್ಳುತ್ತದೆ, ಕೆಟ್ಟರೆ ಹಳೆಯ ಸ್ಲಾಟಿನಿಂದ ತಾನೇ ಏಳುತ್ತದೆ. ಇದಕ್ಕೆ ಒಂದೇ ಸಿಸ್ಟಮ್, ಅದೂ ಅರ್ಧ ಬರೆದು ನಿಂತಿತ್ತು. ವಾಲ್ಯೂಮ್ ಅಪ್, ಪವರ್ ಒತ್ತಿ ಹಿಡಿದು ರಿಕವರಿ ಅನ್ನೋ ದುರಸ್ತಿ ಮೆನುವಿಗೆ ಹೋಗಿ, ಪೂರ್ತಿ ಅಪ್‌ಡೇಟ್ ಇರುವ ಓಟಿಎ ಜಿಪ್ ಫೈಲನ್ನು ಕಂಪ್ಯೂಟರಿನ ಎಡಿಬಿ ಟೂಲಿನಿಂದ ಕೇಬಲ್ ಮೂಲಕ ಕಳಿಸಿದ್ದರೆ, ಅಂದರೆ ಸೈಡ್‌ಲೋಡ್ ಮಾಡಿದ್ದರೆ, ಸಿಸ್ಟಮ್ ಹೊಸದಾಗಿ ಕೂರುತ್ತಿತ್ತು, ಡೇಟಾ ಇದ್ದಲ್ಲೇ ಇರುತ್ತಿತ್ತು. ಆ ಜಿಪ್ ನಮ್ಮ ಫೋಲ್ಡರಿನಲ್ಲೇ ಇತ್ತು.

"ಸೈಡ್‌ಲೋಡ್ ಹಚ್ಚಿ ಕುಂತ್ರ ಸಂಜಿ ಆಕ್ಕೈತಿ. ಫ್ಲ್ಯಾಶ್ ಹೊಡದು ಕಳಸು" ಅಂದರು ಮಾಲಕರು. ಫ್ಲ್ಯಾಶ್ ಅಂದರೆ ಕಂಪ್ಯೂಟರಿನಿಂದ ಸಿಸ್ಟಮ್ಮನ್ನು ಸೀದಾ ಮೆಮೊರಿಗೆ ಹೊಸದಾಗಿ ಬರೆಯುವುದು. ನಮ್ಮಲ್ಲಿ ಯಾರು ಎಷ್ಟು ಜಾಬ್ ಮುಗಿಸಿದರು ಅಂತ ರಾತ್ರಿ ಬೋರ್ಡಿನ ಮೇಲೆ ಬರೆಯುತ್ತಾರೆ. ಯಾರು ಯಾರ ಡೇಟಾ ಉಳಿಸಿದರು ಅಂತ ಒಂದು ದಿನವೂ ಬರೆದಿಲ್ಲ. ಈ ಮಾತು ನಾನು ಅವರೆದುರೂ ಆಡಿದ್ದೇನೆ.

ಮೀಡಿಯಾಟೆಕ್ ಚಿಪ್ಪು. ಅದಕ್ಕೆ ಫ್ಲ್ಯಾಶ್ ಹೊಡೆಯುವ ಎಸ್‌ಪಿ ಫ್ಲ್ಯಾಶ್ ಟೂಲ್ ತೆರೆದೆ, ಮೆಮೊರಿಯ ಯಾವ ಭಾಗ ಎಲ್ಲಿದೆ ಅಂತ ಪಟ್ಟಿ ಇರುವ ಸ್ಕ್ಯಾಟರ್ ಫೈಲ್ ಲೋಡ್ ಮಾಡಿದೆ, ಪೂರ್ತಿ ಫಾರ್ಮ್ಯಾಟ್ ಮಾಡದ 'ಡೌನ್‌ಲೋಡ್ ಓನ್ಲಿ' ಇಟ್ಟೆ. ಟಿಕ್ ಇದ್ದ ಭಾಗಗಳ ಮೇಲೆಲ್ಲ ಟೂಲ್ ಹೊಸದಾಗಿ ಬರೆಯುತ್ತದೆ. ಫೋಟೋ, ಫೈಲು ಇರುವ ಭಾಗವೇ ಯೂಸರ್‌ಡೇಟಾ; ಅದರ ಎದುರಿನ ಟಿಕ್ ತೆಗೆದೆ. ತೆಗೆದದ್ದು ಚೆನ್ನಾಗಿ ನೆನಪಿದೆ, ಮೌಸ್ ಒತ್ತಿದ ಸದ್ದೂ ನೆನಪಿದೆ. ಕೇಬಲ್ ಹಾಕಿದೆ. 4032 ಎರರ್. ಕೇಬಲ್ ಬದಲಿಸಿದೆ, ಸಿಪಿಯು ಹಿಂದಿನ ಪೋರ್ಟಿಗೆ ಹಾಕಿದೆ. ಮತ್ತೆ 4032. ಸ್ಟಿಕ್ಕರ್ ನೋಡಿದರೆ ಬೋರ್ಡಿನ ವರ್ಷನ್ ಬೇರೆ ಇತ್ತು. ಇನ್ನೊಂದು ಫರ್ಮ್‌ವೇರ್ ಇಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಕ್ಕಾರು ಸ್ಟೂಲಿನ ಮೇಲೆ ಕೂತೇ ಇದ್ದರು. ಹೊಸ ಫೋಲ್ಡರಿನ ಸ್ಕ್ಯಾಟರ್ ಲೋಡ್ ಮಾಡಿ ಕೇಬಲ್ ಚುಚ್ಚಿದೆ. ಕೆಂಪು ಪಟ್ಟಿ ತುಂಬಿತು, ಹಳದಿ ಶುರುವಾಯಿತು. "ಆತ್ರಿ ಅಕ್ಕಾರ, ಹಿಡೀತು" ಅಂತ ಕೂಗಿ ಹೇಳಿದೆ.

ಹೊಸ ಸ್ಕ್ಯಾಟರ್ ಲೋಡ್ ಆದರೆ ಟಿಕ್‌ಗಳೆಲ್ಲ ಮತ್ತೆ ಮೊದಲಿನ ಹಾಗೆ ಬಂದು ಕೂರುತ್ತವೆ.

ಪಟ್ಟಿಯ ಕೆಳಗಿನ ಸಾಲುಗಳ ಮೇಲೆ ಕಣ್ಣು ಹೋದಾಗ ಹಳದಿ ಅರ್ಧ ದಾಟಿತ್ತು. ಯೂಸರ್‌ಡೇಟಾ ಎದುರು ಟಿಕ್ ಇತ್ತು. ಆ ಸಾಲಿನ ಪಾಳಿ ಇನ್ನೂ ಬಂದಿರಲಿಲ್ಲ. ಕೇಬಲ್ ಕಿತ್ತಿದ್ದರೆ ಸಾಕಿತ್ತು. ನಡುವೆ ಕಿತ್ತರೆ ಸೆಟ್ ಡೆಡ್ ಆಗಬಹುದು ಅನ್ನೋ ಭಯ ಕೈ ಹಿಡಿಯಿತು. ಸೆಟ್ಟನ್ನು ಮೊದಲು ಏಳಿಸುವ ಕೋಡು, ಮೀಡಿಯಾಟೆಕ್‌ನ ಬೂಟ್‌ರೋಮ್, ಚಿಪ್ಪಿನ ಒಳಗೇ ಇರುತ್ತದೆ, ಅದನ್ನು ಫ್ಲ್ಯಾಶ್ ಅಳಿಸಲಾರದು, ಅರ್ಧಕ್ಕೆ ನಿಂತರೂ ಮತ್ತೆ ಹೊಡೆಯಬಹುದು. ಹೊಸ ಹುಡುಗರಿಗೆ ಇದನ್ನು ಹೇಳಿಕೊಡುವವನು ನಾನೇ. ಕೈ ಕೇಬಲ್ ಮುಟ್ಟಿತ್ತು, ಎಳೆಯಲಿಲ್ಲ. ಹಳದಿ ತುದಿ ಮುಟ್ಟಿ ಪರದೆಯ ಮೇಲೆ ಹಸಿರು ಟಿಕ್ ಬಂತು. ಟ್ಯಾಬ್ ಎದ್ದು, ಭಾಷೆ ಆರಿಸಿ ಅಂತ ಕೇಳಿತು.

ಹಿಂದೆ ಇಂಥದ್ದಾದರೆ ರಿಕವರಿ ಸಾಫ್ಟ್‌ವೇರ್ ಹಚ್ಚಿ ಚೂರುಪಾರು ಫೋಟೋ ಎತ್ತುತ್ತಿದ್ದೆವು. ಆಂಡ್ರಾಯ್ಡ್ 10 ಹಾಕಿಯೇ ಹೊರಬಂದ ಸೆಟ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರಲೇಬೇಕು, ಅಂದರೆ ಕೀಲಿ ಇಲ್ಲದೆ ಓದಲು ಬಾರದ ಹಾಗೆ ಬರೆದಿರಬೇಕು. ಕೀಲಿ ಅಳಿಸಿದ ಮೇಲೆ ಮೆಮೊರಿಯಲ್ಲಿ ಉಳಿದದ್ದು ಯಾರೂ ಓದಲಾರದ ಕಸ. ಗೊತ್ತಿದ್ದೂ ಎರಡು ತಾಸು ಒದ್ದಾಡಿದೆ.

"ಅಪ್‌ಡೇಟ್‌ನಾಗ ಹೋತು ಅಂತ ಹೇಳು. ಶೀಟ್ ಮ್ಯಾಲೆ ಸಹಿ ಐತಿ" ಅಂದರು ಮಾಲಕರು. ಡೇಟಾಕ್ಕೆ ನಾವು ಜವಾಬ್ದಾರರಲ್ಲ ಅಂತ ಶೀಟಿನ ಕೆಳಗೆ ಅಚ್ಚಾಗಿರುತ್ತದೆ. ಆ ಸಾಲು ಬರೆದವರು ಸ್ಟೂಲಿನ ಮೇಲೆ ಕೂತವರ ಮುಖ ನೋಡಿರಲಿಕ್ಕಿಲ್ಲ.

ಅಕ್ಕಾರೇ ಕೇಳಿದರು: "ಅಪ್‌ಡೇಟ್‌ನಾಗ ಹೋತೇನೋ?"

"ಇಲ್ರಿ ಅಕ್ಕಾರ. ಅಪ್‌ಡೇಟ್ ಆದ ಮ್ಯಾಲೂ ಇದ್ವು. ನಾನ ಅಳಿಸಿದೆ."

ಬೈಯಲಿಲ್ಲ. ಸೀರೆಯ ತುಂಡು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಅಣ್ಣಿಗೇರಿ ಅಜ್ಜಿ ತೀರಿಕೊಂಡ್ಲು. ಸೀರಿ ಪಾತ್ರಿಯವರಿಗೆ ಹಾಕಿ ಬಿಟ್ಟಾರ" ಅಂದರು.

ಗೂಗಲ್ ಖಾತೆಯಲ್ಲಿ ನೋಡಿದೆವು. ಪುಕ್ಕಟೆ ಕೊಡುವ 15 ಜಿಬಿ ಎಂದೋ ತುಂಬಿ ಬ್ಯಾಕಪ್ ನಿಂತಿತ್ತು. ಮೊದಲ ವರ್ಷದ್ದಷ್ಟೇ ಸಿಕ್ಕಿತು. ಉಳಿದವುಗಳಲ್ಲಿ ಕೆಲವನ್ನು ಸೊಸಿಗೆ ವಾಟ್ಸ್ಯಾಪ್ ಮಾಡಿದ್ದರು. ವಾಟ್ಸ್ಯಾಪ್ ಫೋಟೋವನ್ನು ಒತ್ತಿ ಸಣ್ಣದು ಮಾಡುತ್ತದೆ. ತೇರು ತೇರಿನಂತೆ ಕಾಣುತ್ತದೆ, ಎಳೆ ಎಣಿಸಲು ಬರುವುದಿಲ್ಲ.

ಈಗ ಲೋಗೋ ಹ್ಯಾಂಗ್ ಬಂದರೆ ಮೊದಲು ಸೈಡ್‌ಲೋಡ್, ಸಂಜೆಯಾದರೂ ಸರಿ. ಫ್ಲ್ಯಾಶ್ ಹೊಡೆಯಲೇಬೇಕಾದರೆ ಕೇಬಲ್ ಹಾಕುವ ಮೊದಲು ಪಟ್ಟಿಯನ್ನು ಬಾಜೂದ ಹುಡುಗನಿಂದ ಗಟ್ಟಿಯಾಗಿ ಓದಿಸುತ್ತೇನೆ. ಬೋರ್ಡಿನಲ್ಲಿ ನನ್ನ ಸಂಖ್ಯೆ ಕಡಿಮೆಯಾಗಿದೆ.

ಎರಡು ರವಿವಾರ ಧಾರವಾಡಕ್ಕೆ ಹೋಗಿ ಆ ವಾಟ್ಸ್ಯಾಪ್ ಫೋಟೋಗಳನ್ನು ದೊಡ್ಡ ಪರದೆಗೆ ಹಾಕಿಕೊಟ್ಟೆ. ಅಕ್ಕಾರು ಗ್ರಾಫ್ ಹಾಳೆ ಇಟ್ಟುಕೊಂಡು ಒಂದೊಂದೇ ಮನೆ ತುಂಬುತ್ತಿದ್ದಾರೆ. ಎಳೆ ಕಾಣದಲ್ಲಿ ಊಹಿಸಿ ಹಾಕುವುದಿಲ್ಲ. ಅಣ್ಣಿಗೇರಿಯ ತೇರಿನಲ್ಲಿ ಕಳಸದ ಕೆಳಗಿನ ಎರಡು ಸಾಲು ಖಾಲಿ ಬಿಟ್ಟಿದ್ದಾರೆ.